ವಿಂಡ್ ರೋಸ್‌ನಲ್ಲಿ ಸಿಗದ ಮೂಡಗಾಳಿ

ಬಾದಾಮಿ ಕಡೆಯ ಒಂದು ಸಿಬಿಜಿ (ಒತ್ತಿ ತುಂಬಿದ ಬಯೋಗ್ಯಾಸ್) ಪ್ಲಾಂಟಿನ ಲೇಔಟ್ ಕೈಗೆ ಬಂದಾಗ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಚಿಂತೆ. ಪ್ರವಾಸಿಗರ ಕಣ್ಣಿಗೆ ಬೀಳಬಾರದು. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ನಮ್ಮ ಜಾಗ ಅದಕ್ಕಿಂತ ಎಷ್ಟೋ ದೂರ. ಆದ್ರೂ ಕಚ್ಚಾವಸ್ತು ಕೊಳೆಸಿ ಗ್ಯಾಸ್ ತೆಗೆಯುವ ಡೈಜೆಸ್ಟರ್ ಗುಮ್ಮಟಕ್ಕೆ ಅಲ್ಲಿನ ಕೆಂಪು ಕಲ್ಲಿನ ಬಣ್ಣ ಹೊಡೆಸಬೇಕಾ ಅಂತ ಮೀಟಿಂಗ್ ಮೇಲೆ ಮೀಟಿಂಗ್. ನಮ್ಮ ಕಚ್ಚಾವಸ್ತು ಪ್ರೆಸ್‌ಮಡ್, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡು. ಅದನ್ನು ರಾಶಿ ಹಾಕುವ ಯಾರ್ಡಿನ ಶೆಡ್ಡನ್ನು ಅದೇ ಮೀಟಿಂಗ್‌ನಲ್ಲಿ ಖರ್ಚು ಉಳಿಸುವ 'ವ್ಯಾಲ್ಯೂ ಇಂಜಿನಿಯರಿಂಗ್' ಹೆಸರಲ್ಲಿ ಕಿತ್ತುಹಾಕಿದರು. ನಾನೂ ತಲೆಯಾಡಿಸಿದ್ದೆ.

ಊರಿನ ಸಭೆಗೆ ಬಣ್ಣದ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಯಾವ ದಿಕ್ಕಿನಿಂದ ಎಷ್ಟು ಗಾಳಿ ಅಂತ ಹೇಳುವ ಚಿತ್ರ, ವಿಂಡ್ ರೋಸ್ ತೋರಿಸಿ, ಗಾಳಿ ಜಾಸ್ತಿ ಪಶ್ಚಿಮದಿಂದ, ನಾವಿರುವುದು ಊರಿನ ಪೂರ್ವಕ್ಕೆ, ವಾಸನೆ ಆಚೆ ಹೋಗುತ್ತದೆ ಎಂದೆ. ಬನಶಂಕರಿ ಗುಡಿ ಮುಂದೆ ರೊಟ್ಟಿ ಬುಟ್ಟಿ ಇಟ್ಟು ಮಾರುವ ಅಜ್ಜಿಯೊಬ್ಬರು ಎದ್ದರು.

"ಇದು ಮಳಿಗಾಲದ ಗಾಳಿ ಅಲ್ಲೇನ್ರಿ ಸಾಹೇಬ್ರ? ಬನದ ಹುಣ್ಣಿಮಿ ಹೊತ್ತಿಗೆ ಮೂಡಗಾಳಿ ಬೀಸತೈತಿ. ಆವಾಗ ನಿಮ್ಮ ನಾತ ಯಾರ ಮೂಗಿಗೆ?"

ಸ್ಲೈಡ್ ಕಡೆ ತಿರುಗಿದೆ. ಹನ್ನೆರಡು ತಿಂಗಳದ್ದೂ ಒಂದೇ ಚಿತ್ರ. ಮುಂಗಾರಿನ ಗಾಳಿ ಚಳಿಗಾಲದ್ದನ್ನು ನುಂಗಿಬಿಟ್ಟಿತ್ತು. ಕಬ್ಬು ನುರಿಸುವುದು, ಲಾರಿಯಿಂದ ಇಳಿಸುವಾಗಲೂ ಬೆಚ್ಚಗಿರುವ ಆ ಕಂದು ಮಡ್ಡು ಬಂದು ಬೀಳುವುದು, ಜಾತ್ರೆ, ಪ್ರವಾಸಿಗರು, ಎಲ್ಲ ಅದೇ ತಿಂಗಳುಗಳಲ್ಲಿ. ಕ್ಲೈಂಟ್ ಕಡೆಯವರು ಫೋನ್ ನೋಡತೊಡಗಿದರು. ಮೈಕ್ ನನ್ನ ಕೈಯಲ್ಲೇ ಇತ್ತು.

"ಪರಿಶೀಲಿಸುತ್ತೇವೆ" ಎಂದೆ.

"ಪರಿಶೀಲಿಸ್ರಿ, ಅಲ್ಲೀತನಕ ನಾವು ಮೂಗು ಮುಚ್ಚಿ ರೊಟ್ಟಿ ತಿಂತೇವು" ಅಂದ ಹಿಂದಿನವನೊಬ್ಬ. ಸಭೆ ಗೊಳ್ಳೆಂದಿತು.

ಈಗ ವಿಂಡ್ ರೋಸ್ ತಿಂಗಳುವಾರು ತರಿಸುತ್ತೇನೆ. ಪ್ರೆಸ್‌ಮಡ್ ಸಿಗುವುದು ಸೀಸನ್‌ನಲ್ಲಿ ಮಾತ್ರ, ಪ್ಲಾಂಟ್ ಓಡಬೇಕಾದ್ದು ವರ್ಷವಿಡೀ. ಹಾಗಾಗಿ ರಾಶಿ ಹಾಕಲೇಬೇಕು. ಬಯಲಲ್ಲಿ ಬಿಟ್ಟರೆ ರಾಶಿ ತಾನೇ ಬಿಸಿಯಾಗಿ ಕೊಳೆಯುತ್ತದೆ. ಗ್ಯಾಸ್ ಆಗಬೇಕಾದ ಸತ್ವ ಸುಮ್ನೆ ಗಾಳಿಪಾಲು. ಈ ಮಾತು ಹೇಳಿದ ಮೇಲೇ ಮ್ಯಾನೇಜ್‌ಮೆಂಟಿನ ಕಿವಿ ನೆಟ್ಟಗಾಗಿದ್ದು. ಅಜ್ಜಿಯ ಮೂಗಿಗೆ ಬಜೆಟ್‌ನಲ್ಲಿ ಕಾಲಂ ಇಲ್ಲ, ಅಲ್ವಾ?

ಶೆಡ್ ಡ್ರಾಯಿಂಗ್‌ಗೆ ವಾಪಸ್ ಬಂತು. ಒಳಗಿನ ಗಾಳಿ ಎಳೆದು, ವಾಸನೆ ಹೀರುವ ಬಯೋಫಿಲ್ಟರ್‌ಗೆ ಬಿಡುವ ಫ್ಯಾನೂ ಸೇರಿತು. ಬಯೋಫಿಲ್ಟರನ್ನು ಎರಡನೇ ಹಂತಕ್ಕೆ ತಳ್ಳಬಹುದಾ ಅಂತ ಪರ್ಚೇಸ್‌ನವರು ಕೇಳಿದ್ದಾರೆ. ಮುಂದಿನ ಸಭೆಯಲ್ಲಿ ಮೈಕ್ ಅವರೇ ಹಿಡಿಯಲಿ ಎಂದು ಮೇಲ್ ಹಾಕಿದ್ದೇನೆ.