ಗಂಡಕಿಯ ದಡದಲ್ಲಿ ಶಿರಸಿಯ ಮಕ್ಕಳು

ಶಿರಸಿಯ ನಮ್ಮ ಪ್ರೌಢಶಾಲೆಯ ಪ್ರವಾಸವೆಂದರೆ ಬನವಾಸಿ, ಸಹಸ್ರಲಿಂಗ, ಯಾಣ, ಹೆಚ್ಚೆಂದರೆ ಹಂಪಿ. ಹಾಗಿರುವಾಗ ನಾವು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ಸಮಾಜ ವಿಜ್ಞಾನದ ಮಾಸ್ತರರು ನೇಪಾಳದ ಚಿತವನಕ್ಕೆ ಕರೆದೊಯ್ಯುವುದಾಗಿ ಹೇಳಿದಾಗ, ಪಾಲಕರ ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆ ಖರ್ಚಿನದಾಗಿರಲಿಲ್ಲ. "ಕಾಡಿನ ನಡುವೆಯೇ ಬೆಳೆದ ಮಕ್ಕಳು ಕಾಡು ನೋಡಲು ಪರದೇಶಕ್ಕೆ ಹೋಗಬೇಕೆ?" ಎಂದು ಹಿರಿಯರೊಬ್ಬರು ಕೇಳಿದರು. ಮಾಸ್ತರರು ವಾದಕ್ಕೆ ಇಳಿಯಲಿಲ್ಲ. ನಮ್ಮ ದೇವರ ಪೀಠದ ಸಾಲಿಗ್ರಾಮ ಯಾವ ಹೊಳೆಯಿಂದ ಬಂದದ್ದೆಂಬುದನ್ನು ಮಕ್ಕಳು ಕಣ್ಣಾರೆ ನೋಡಿ ಬರಲಿ ಎಂದಷ್ಟೇ ಹೇಳಿದರು. ಸಭೆ ಒಪ್ಪಿತು.

ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು ಬದಲಿಸುತ್ತ ಗೋರಖಪುರ, ಮುಂದೆ ಸೋನೌಲಿಯ ಗಡಿ. ದಾರಿಯುದ್ದಕ್ಕೂ ನಮ್ಮನ್ನು ಸಾಕಿದ್ದು ಮನೆಯಿಂದ ಕಟ್ಟಿಕೊಂಡು ಹೋದ ಅವಲಕ್ಕಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ. ಮುಖ್ಯಾಧ್ಯಾಪಕರು ಸಹಿ ಮಾಡಿದ ಗುರುತಿನ ಪತ್ರ ಹಿಡಿದು ಗಡಿಯನ್ನು ನಡೆದೇ ದಾಟಿದೆವು. ಅಲ್ಲಿ ಅಕ್ಕೋರು ನಮ್ಮೆಲ್ಲರ ಗಡಿಯಾರಗಳನ್ನು 15 ನಿಮಿಷ ಮುಂದಕ್ಕೆ ತಿರುಗಿಸಲು ಹೇಳಿದರು. ಬೇರೆ ದೇಶಕ್ಕೆ ಬಂದಿದ್ದೇವೆಂಬುದು ನನಗೆ ಮನದಟ್ಟಾದದ್ದು ಆಗಲೇ.

1973ರಲ್ಲಿ ಸ್ಥಾಪನೆಯಾದ ಚಿತವನ ನೇಪಾಳದ ಮೊದಲ ರಾಷ್ಟ್ರೀಯ ಉದ್ಯಾನ; 1984ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ನಮ್ಮ ಕಾಡಿಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಘಟ್ಟದ ಏರಿಳಿತಕ್ಕೆ ಒಗ್ಗಿದ ಕಾಲಿಗೆ ಅಲ್ಲಿ ಸಿಕ್ಕಿದ್ದು ಚಪ್ಪಟೆ ನೆಲ, ಸಾಲ ವೃಕ್ಷಗಳ ಕಾಡು, ಹೊಳೆಯ ಬದಿಯಲ್ಲಿ ಆನೆಯನ್ನೂ ಮರೆಮಾಡುವಷ್ಟು ಎತ್ತರದ ಹುಲ್ಲು, ಹೊತ್ತು ಏರಿದರೂ ಕರಗದ ಮಂಜು. ಸೌರಾಹದ ಹತ್ತಿರ ರಾಪ್ತಿ ನದಿಯಲ್ಲಿ, ಒಂದೇ ಮರದ ಕಾಂಡವನ್ನು ಕೊರೆದು ಮಾಡಿದ ದೋಣಿಯಲ್ಲಿ ಒಬ್ಬರ ಹಿಂದೊಬ್ಬರು ಕುಳಿತೆವು. ನೀರು ಅಂಚಿನಿಂದ ಗೇಣು ಕೆಳಗಿತ್ತು. ಕುಮಟಾ ಕಡೆಯ ಗೆಳೆಯನೊಬ್ಬ ಮಾತ್ರ ಇದು ನಮ್ಮೂರಿನ ಪಾತಿ ದೋಣಿಯೇ ಎಂದು ನಿಶ್ಚಿಂತನಾಗಿದ್ದ. ಮರಳ ದಿಣ್ಣೆಯ ಮೇಲೆ ಘರಿಯಾಲ್ ಮೊಸಳೆಗಳು ಬಿಸಿಲು ಕಾಯುತ್ತಿದ್ದವು. ಮೀನು ಹಿಡಿಯುವುದಕ್ಕೆಂದೇ ಇರುವ ಆ ಕಿರಿದಾದ ಉದ್ದ ಮೂತಿಯ ತುದಿಯಲ್ಲಿ, ಗಂಡಿಗೆ ಮಾತ್ರ, ಮಡಕೆಯಂಥ ಒಂದು ಗುಬುಟು. ಇವುಗಳ ಸಂತತಿ ಕ್ಷೀಣಿಸಿದ್ದರಿಂದ ಕಸರಾದಲ್ಲಿ 1978ರಿಂದಲೇ ಮೊಟ್ಟೆಗಳನ್ನು ಕಾಪಾಡಿ, ಮರಿಗಳನ್ನು ಬೆಳೆಸಿ ಹೊಳೆಗೆ ಬಿಡುತ್ತಿದ್ದಾರೆ.

ಆದರೂ ಆ ಪ್ರವಾಸವೆಂದರೆ ನನಗೆ ಘೇಂಡಾಮೃಗ ಕಂಡ ಬೆಳಗು. ಥಾರು ಜನಾಂಗದ ಮಾರ್ಗದರ್ಶಿ ನಮ್ಮನ್ನು ಮಚಾನಿನ ಮೇಲೆ ಕೂರಿಸಿದ. ಮಾಸ್ತರರು, "ಇನ್ನು ಮಾತು ಬೇಡ, ಕಿವಿಗೊಟ್ಟು ಕೂಡಿ" ಎಂದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೊದಲು ಕೇಳಿಸಿದ್ದು ಹುಲ್ಲು ಕಿತ್ತು ಜಗಿಯುವ ಸದ್ದು. ನೋಡಿದರೆ ಮಂಜಿನಲ್ಲಿ ಒಂದು ಬೆನ್ನು, ಅದರ ಮೇಲೆ ಎರಡು ಗೊರವಂಕಗಳು. ಭುಜದ ಬಳಿ ಮಡಿಕೆಮಡಿಕೆಯಾದ ಚರ್ಮ, ಮಡಿಕೆಯ ಸಂದಿನಲ್ಲಿ ಒದ್ದೆ ಕೆಸರು. ಮೇಲ್ದುಟಿಯನ್ನು ಬೆರಳಿನ ಹಾಗೆ ಬಗ್ಗಿಸಿ ಹುಲ್ಲನ್ನು ಎಳೆದುಕೊಳ್ಳುತ್ತಿತ್ತು. ಎರಡು ಕಿವಿಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದವು. ನಮ್ಮಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. 1960ರ ದಶಕದಲ್ಲಿ ಚಿತವನದಲ್ಲಿ ಸುಮಾರು ನೂರಕ್ಕೆ ಇಳಿದಿದ್ದ ಈ ಪ್ರಾಣಿಗಳು 2021ರ ಗಣತಿಯಲ್ಲಿ 694 ಎಂದು ಓದಿದ ದಿನ ಮನೆಯವರಿಗೆಲ್ಲ ಆ ಬೆಳಗಿನ ಕತೆಯನ್ನು ಮತ್ತೆ ಹೇಳಿದೆ. ಪ್ರವಾಸದಿಂದ ಮರಳಿದ ಮೇಲೆ ನಮ್ಮ ಬೆಟ್ಟದಲ್ಲೂ ಹಾಗೆಯೇ ಸುಮ್ಮನೆ ಕೂರತೊಡಗಿದೆ. ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುವಾಗ ಬಾಲವನ್ನು ಹೇಗೆ ಹಿಡಿಯುತ್ತದೆಂಬುದನ್ನು ಸರಿಯಾಗಿ ನೋಡಿದ್ದು ಆಗಲೇ. ಹಿರಿಯರ ಅಂದಿನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟು.

ಥಾರು ಹಳ್ಳಿಯಲ್ಲಿ ಮಣ್ಣು, ಸಗಣಿ ಸಾರಿಸಿದ ಗೋಡೆಗಳು, ಹುಲ್ಲಿನ ಸೂರು. ವರ್ಷಕ್ಕೊಮ್ಮೆ ಕೆಲವು ದಿನ ಸುತ್ತಲಿನವರು ಉದ್ಯಾನದೊಳಗೆ ಹೋಗಿ ಹುಲ್ಲು ಕೊಯ್ಯಬಹುದೆಂದು ಮಾರ್ಗದರ್ಶಿ ಹೇಳಿದಾಗ ನಮಗೆ ತಟ್ಟನೆ ಅರ್ಥವಾಯಿತು. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದಿಂದ ಸೊಪ್ಪು ತರುವ ನಮ್ಮ ಹಕ್ಕಿನಂತೆಯೇ ಅದೂ. ಒಂದು ಮನೆಯ ಅಜ್ಜಿಗೆ ನಾವು ತೊಡೆದೇವು ಕೊಟ್ಟೆವು. ಆಕೆ ಆ ತೆಳುವಾದ ಪದರವನ್ನು ಬೆಳಕಿಗೆ ಹಿಡಿದು ನೋಡಿ, ಮುರಿದು, ಮೊದಲ ಚೂರನ್ನು ಮೊಮ್ಮಗನ ಬಾಯಿಗಿಟ್ಟಳು.

ಕೊನೆಗೆ ದೇವಘಾಟ್. ಕಾಳಿ ಗಂಡಕಿ ಮತ್ತು ತ್ರಿಶೂಲಿ ಇಲ್ಲಿ ಕೂಡಿ ನಾರಾಯಣಿಯಾಗುತ್ತವೆ. ಸಾಲಿಗ್ರಾಮಗಳು ಸಿಗುವುದು ಇನ್ನೂ ಮೇಲೆ, ಮುಸ್ತಾಂಗಿನ ಕಡೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತೆಂದೂ, ಸಾಲಿಗ್ರಾಮದ ಒಳಗಿನ ಚಕ್ರ ಆ ಸಮುದ್ರದ ಅಮೋನೈಟ್ ಜೀವಿಯ ಚಿಪ್ಪಿನ ಪಳೆಯುಳಿಕೆಯೆಂದೂ ಮಾಸ್ತರರು ವಿವರಿಸಿದರು. ವಿವರಣೆ ಮುಗಿಸಿದವರೇ ಚಪ್ಪಲಿ ಕಳಚಿಟ್ಟು, ಸಂಗಮಕ್ಕೆ ಇಳಿದು ಅರ್ಘ್ಯ ಕೊಟ್ಟರು. ವಿಜ್ಞಾನವನ್ನೂ ಭಕ್ತಿಯನ್ನೂ ಅಷ್ಟು ಸಹಜವಾಗಿ ಜೊತೆಗಿಟ್ಟುಕೊಂಡ ಇನ್ನೊಬ್ಬ ಗುರುವನ್ನು ನಾನು ಕಂಡಿಲ್ಲ.

ಮಾಸ್ತರರು ಈಗಿಲ್ಲ. ಆ ತಂಡದವರು ಹಲವರು ಇಂದಿಗೂ ಸಂಪರ್ಕದಲ್ಲಿದ್ದೇವೆ. ಶಾಲೆ ಮತ್ತೊಮ್ಮೆ ಚಿತವನಕ್ಕೆ ಹೊರಡುವುದಾದರೆ, ಕೈಯಲ್ಲಿ ಹಣವಿಲ್ಲದೆ ಹಿಂದುಳಿಯುವ ಮಕ್ಕಳ ಖರ್ಚನ್ನು ನಾವು ಹೊರುತ್ತೇವೆಂದು ಮುಖ್ಯಾಧ್ಯಾಪಕರಿಗೆ ಈ ಬರಹದ ಮೂಲಕ ತಿಳಿಸುತ್ತಿದ್ದೇನೆ.