ಅದು ಯಾವ ಕುರಿದವ್ವಾ?

ನಮ್ಮ ಯಾದಗಿರಿಯಲ್ಲಿ ಸ್ವೆಟರ್ ಹಾಕುವ ದಾರಕ್ಕೆ ‘ಉಲನ್’ ಅಂತಾರೆ. ಅವ್ವ ನನಗೆ ಹೆಣಿಗೆ ಕಲಿಸಿದ್ದು ಅದರಲ್ಲೇ. ಅಂಗಡಿಯಲ್ಲಿ ಸಿಗುತ್ತಿದ್ದ ಆ ಉಲನ್ ಅಕ್ರಿಲಿಕ್, ಕುರಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ತಿಳಿದದ್ದು ನ್ಯೂಜೆರ್ಸಿಗೆ ಬಂದ ಮೇಲೆ. ಮನೆಯಲ್ಲಿ ನಿಜವಾದ ಉಣ್ಣೆ ಇದ್ದದ್ದು ಒಂದೇ, ಮುತ್ಯಾನ ಕರಿ ಕಂಬಳಿ.

ಕಳೆದ ಅಕ್ಟೋಬರಿನಲ್ಲಿ ರೈನ್‌ಬೆಕ್‌ಗೆ ಹೋಗಿದ್ದೆ. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್. ಪ್ರತಿ ವರ್ಷ ಅಕ್ಟೋಬರಿನ ಮೂರನೇ ವಾರಾಂತ್ಯ ಅಲ್ಲಿ ಕುರಿ ಮತ್ತು ಉಣ್ಣೆಯ ಜಾತ್ರೆ. ಜನ ತಾವೇ ಹೆಣೆದ ಸ್ವೆಟರ್ ಹಾಕಿಕೊಂಡು ಬರುತ್ತಾರೆ. ಗುರುತಿಲ್ಲದವರೂ ನಿಲ್ಲಿಸಿ ತೋಳು ಮುಟ್ಟಿ ನೋಡುತ್ತಾರೆ.

ಹಿಂದಿನ ಸಲ ಬಣ್ಣಕ್ಕೆ ಮನಸೋತು ಲೆಕ್ಕ ಹಾಕದೆ ನಾಲ್ಕು ಲಡಿ ನೀಲಿ ನೂಲು ತಂದಿದ್ದೆ. ಒಂದು ತೋಳಿಗೆ ದಾರ ಸಾಲಲಿಲ್ಲ. ಆಮೇಲೆ ತರಿಸಿದ ನೀಲಿಯೇ ಬೇರೆ. ಕೈಯಿಂದ ಬಣ್ಣ ಹಾಕಿದ ನೂಲು ಹಾಗೇ, ಪ್ರತಿ ಹಂಡೆಯಲ್ಲೂ ಒಂದು ಛಾಯೆ ಬದಲಾಗುತ್ತದೆ. ಬೇಕಾದಷ್ಟನ್ನೂ ಒಂದೇ ಸಲ ತರಬೇಕು. ಹೆಣೆಯುವಾಗಲೂ ಎರಡು ಲಡಿ ಜೊತೆಗಿಟ್ಟುಕೊಂಡು, ಎರಡೆರಡು ಸಾಲಿಗೆ ಬದಲಿಸುತ್ತಾ ಹೋದರೆ ಗೆರೆ ಕಾಣುವುದಿಲ್ಲ.

ಈ ಸಲ ಅವ್ವನ ಅಳತೆ ಚೀಟಿಯಲ್ಲಿತ್ತು. ಹದವಾದ ದಪ್ಪದ ನೂಲು 100 ಗ್ರಾಂ ಲಡಿಗೆ ಸುಮಾರು 180 ಮೀಟರ್ ಬರುತ್ತದೆ. ಮುಂದೆ ಗುಂಡಿ ಇರುವ ಅವ್ವನ ಸ್ವೆಟರಿಗೆ 900 ಮೀಟರ್ ಬೇಕು. ಅಂದರೆ ಐದು, ಕೈಯಲ್ಲಿ ಇರಲಿ ಅಂತ ಇನ್ನೊಂದು. ಬಣ್ಣ ಹಾಕದ ಬೂದಿ ನೂಲನ್ನೇ ಆರಿಸಿದೆ. ಅಂಗೈಗೆ ಮೆತ್ತಗಿದ್ದರೆ ಸಾಲದು, ಕುತ್ತಿಗೆಗೆ ತಾಗಿಸಿ ನೋಡಬೇಕು. ಚುಚ್ಚುವುದು ಅಲ್ಲೇ ಗೊತ್ತಾಗುವುದು.

ಬೆಳಗ್ಗೆ ಹತ್ತೂವರೆ, ಊರಲ್ಲಿ ರಾತ್ರಿ ಎಂಟು. ವಿಡಿಯೋ ಕಾಲ್ ಮಾಡಿ ನೂಲು ತೋರಿಸಿದೆ. ಅವ್ವ ಕೇಳಿದ್ದು ಒಂದೇ ಮಾತು.

“ಅದು ಯಾವ ಕುರಿದವ್ವಾ?”

ಲಡಿಗೆ ಕಟ್ಟಿದ ಚೀಟಿಯಲ್ಲಿ ‘ರಾಮ್ನಿ’ ಅಂತ ತಳಿಯ ಹೆಸರಿತ್ತು. ಮಾರುತ್ತಿದ್ದಾಕೆಯೇ ಕುರಿ ಸಾಕುವವಳು. ಪಕ್ಕದ ಕೊಟ್ಟಿಗೆಯಲ್ಲಿ ಅದೇ ತಳಿಯ ಕುರಿಗಳು ನಿಂತಿದ್ದವು. ಫೋನ್ ಆ ಕಡೆ ತಿರುಗಿಸಿದೆ. ಅವ್ವ ನೂಲು ಮರೆತು ಬಹಳ ಹೊತ್ತು ಕುರಿಯನ್ನೇ ನೋಡಿದಳು.

“ಮಾರಿ ಚಲೋ ಅದ,” ಅಂದಳು.

ನನಗೆ ಮುತ್ಯಾ ನೆನಪಾದ. ಸಂಕ್ರಾಂತಿಗೆ ಮೈಲಾಪುರ ಜಾತ್ರೆಯಲ್ಲಿ ಹೆಗಲ ಮೇಲೆ ಕಂಬಳಿ, ಮೈಯೆಲ್ಲಾ ಭಂಡಾರ. ದಾರಿಯಲ್ಲಿ ಹಿಂಡು ಕಂಡರೆ ನಿಂತೇಬಿಡುತ್ತಿದ್ದ. ನಮ್ಮ ಕಡೆಯ ದಖನಿ ಕುರಿಯ ತುಪ್ಪಟ ಒರಟು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಕೈಯಲ್ಲಿ ನೂಲುತ್ತಾರೆ, ಹುಣಸೆ ಬೀಜದ ಗಂಜಿ ಹಾಕಿ ಕಂಬಳಿ ನೇಯುತ್ತಾರೆ. ರೈನ್‌ಬೆಕ್‌ನಲ್ಲಿ ಒರಟು ಉಣ್ಣೆಗೂ ಒಂದು ಮೇಜು ಇತ್ತು. ತಳಿಯ ಹೆಸರು ಬರೆದು, ಇದು ನೆಲಹಾಸಿಗೆ ಒಳ್ಳೆಯದು, ಇದು ಮೇಲಂಗಿಗೆ ಅಂತ ಹೇಳಿ ಮಾರುತ್ತಿದ್ದರು. ಒರಟು ಅಂತ ಯಾರೂ ಅದನ್ನು ಕೀಳಾಗಿ ನೋಡಲಿಲ್ಲ. ನಮ್ಮ ಕರಿ ಉಣ್ಣೆಗೂ ಹೀಗೊಂದು ಹೆಸರಿನ ಚೀಟಿ ಬೇಕಲ್ವಾ? ಆ ಮೇಜಿನ ಮುಂದೆ ನನಗೆ ಸಂಕಟವೇ ಆಯಿತು.

ಜನವರಿಯಲ್ಲಿ ಊರಿಗೆ ಹೋದಾಗ ನೂಲು ಕೊಟ್ಟೆ. ಅಣ್ಣನ ಮಗ ಎರಡೂ ಕೈಗೆ ಲಡಿ ಹಾಕಿಕೊಂಡು ಕೂತ, ಅವ್ವ ಉಂಡೆ ಸುತ್ತಿದಳು. ತಣ್ಣೀರಲ್ಲೇ ಒಗೆಯಬೇಕು, ಬಿಸಿನೀರಿಗೆ ಹಾಕಿದರೆ ಗಂಟುಕಟ್ಟಿ ಚಿಕ್ಕದಾಗುತ್ತದೆ ಅಂದೆ. “ಕಂಬಳಿ ಮನ್ಯಾಗ ಹುಟ್ಟೀನಿ, ನನಗ ಹೇಳ್ತಿ?” ಅಂದಳು.

ಮೊನ್ನೆ ಫೋಟೋ ಕಳಿಸಿದ್ದಾಳೆ. ಸ್ವೆಟರ್ ಐದು ಲಡಿಗೆ ಮುಗಿದಿದೆ. ಆರನೆಯದರಲ್ಲಿ ಮುತ್ಯಾನ ಕಂಬಳಿಯ ಹರಿದ ಅಂಚು ಹೊಲಿದಿದ್ದಾಳೆ, ಕರಿ ಮೇಲೆ ಬೂದಿ ದಾರ.