ದೋಣಿ ಹತ್ತೋ ಮೊದಲೇ ಡ್ರ್ಯಾಗ್ ನೋಡಿಕೊಳ್ಳಿ

ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದರೆ ಮರದ ಬೊಡ್ಡೆಗಳು ಮೇಲೆ ಕಾಣುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಕಾಡು ಅದು. ಮೀನು ಸೇರುವುದೂ ಅಲ್ಲೇ, ತಂಗೂಸಿ ಸಿಕ್ಕಿ ಹರಿಯುವುದೂ ಅಲ್ಲೇ. ಹಾಗಾಗಿ ಹೋದ ಏಪ್ರಿಲ್‌ನಲ್ಲಿ ಭಾವನ ಜೊತೆ ಹೊರಟಾಗ ದಡದಲ್ಲೇ ಡ್ರ್ಯಾಗ್, ಅಂದರೆ ಮೀನು ಎಳೆದಾಗ ತಂಗೂಸಿ ಸಲೀಸಾಗಿ ಬಿಚ್ಚಿಕೊಳ್ಳದಂತೆ ರೀಲ್ ಹಿಡಿಯುವ ಬಿಗಿ, ಅಳೆಯಲು ಕೂತೆ.

"ಎಂತ ಮಾರಾಯ, ಕೈಯಲ್ಲಿ ಜಗ್ಗಿ ನೋಡಿದ್ರೆ ಸಾಕಲ್ವಾ?" ಅಂದರು ಭಾವ.

ಸಾಕಾಗುವುದಿಲ್ಲ. ಕೈ ಅಂದಾಜು ದಿನಕ್ಕೊಂದು ಥರ. ನಮ್ಮ ತಂಗೂಸಿ 6 ಕೆ.ಜಿ. ತಡೆಯುವಂಥದ್ದು. ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ರಾಡ್ ಬಾಗುವಂತೆ ಎಳೆದೆವು. ಮುಳ್ಳು ಒಂದೂವರೆ ಕೆ.ಜಿ.ಗೆ ಬಂದಾಗ ತಂಗೂಸಿ ಸುತ್ತಿದ ಸ್ಪೂಲ್ ತಿರುಗುವಂತೆ ಡ್ರ್ಯಾಗಿನ ತಿರುಪು ನಿಲ್ಲಿಸಿದೆ. ಅಂದರೆ ಕಾಲು ಭಾಗ ಅಷ್ಟೇ. ಗಂಟು ಹಾಕಿದಲ್ಲಿ ತಂಗೂಸಿಯ ಬಲ ಕಮ್ಮಿಯಾಗಿರುತ್ತದೆ. ಮೀನು ಓಡಿ ಸ್ಪೂಲ್ ಖಾಲಿಯಾದ ಹಾಗೆ ಬಿಗಿ ತಾನಾಗೇ ಜಾಸ್ತಿಯಾಗುತ್ತದೆ. ಅದಕ್ಕೆಲ್ಲ ಜಾಗ ಬಿಡಬೇಕು.

ಭಾವ ಕೊರವ ಮೀನು ಹಿಡಿದು ಪಳಗಿದವರು. ಕೊರವನ ಬಾಯಿ ಗಟ್ಟಿ ಎಲುಬು, ಹಲ್ಲು ಬೇರೆ. ಕಚ್ಚಿದಾಗ ರಾಡ್ ಜೋರಾಗಿ ಮೇಲಕ್ಕೆ ಹೊಡೆದರೇ ಗಾಳ ನಾಟುವುದು. ಕಾಟ್ಲಾಗೆ ಹಾಗೆ ಮಾಡಿದರೆ ಕೆಟ್ಟಿತು. ಅದಕ್ಕೆ ದವಡೆಯಲ್ಲಿ ಹಲ್ಲಿಲ್ಲ, ತುಟಿ ಮೆತ್ತಗೆ, ಗಾಳ ಹರಿದುಕೊಂಡೇ ಬರುತ್ತದೆ. ಅವತ್ತು ನಾವು ಹಾಕಿದ್ದು ರಾಗಿಹಿಟ್ಟು, ಶೇಂಗಾ ಹಿಂಡಿಯ ಉಂಡೆ. ಕಾಟ್ಲಾಗೇ ಕಾದಿದ್ದೆವು.

ಬಿಸಿಲೇರುವ ಹೊತ್ತಿಗೆ ಭಾವನ ಬೆಂಡು ಓರೆಯಾಗಿ ಸರಿದು ಮುಳುಗಿತು.

"ಭಾವ, ಹೊಡಿಬೇಡಿ. ಸಡಿಲ ಇರೋ ತಂಗೂಸಿ ಸುತ್ತಿಕೊಳ್ಳಿ, ಭಾರ ಸಿಕ್ಕಿದ ಮೇಲೆ ಸುಮ್ನೆ ಎತ್ತಿ."

ಹಾಗೇ ಮಾಡಿದರು. ರಾಡ್ ಬಾಗಿತು, ಸ್ಪೂಲ್ ಕಿರ್ರೆಂದು ಬಿಚ್ಚಿಕೊಂಡಿತು. ಎಷ್ಟು ಚಂದದ ಸದ್ದು ಅದು! ಮೀನು ನೆಟ್ಟಗೆ ಬೊಡ್ಡೆಗಳ ಕಡೆಗೇ ಓಡಿತು. ಭಾವನ ಕೈ ತಿರುಪಿನ ಹತ್ತಿರ ಹೋಯಿತು.

"ತಿರುಪು ಮುಟ್ಟಬೇಡಿ! ಸ್ಪೂಲಿಗೆ ಬೆರಳು ಕೊಡಿ."

ಬೆರಳಾದರೆ ಬೇಕೆಂದಾಗ ಒತ್ತಬಹುದು, ಮೀನು ಕೊಸರಿದ ತಕ್ಷಣ ಬಿಡಬಹುದು. ಓಡುವ ಮೀನಿನ ಮೇಲೆ ತಿರುಪು ಬಿಗಿದರೆ ಎಷ್ಟಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹುಟ್ಟು ಹಾಕಿ ದೋಣಿಯನ್ನು ಬಯಲು ನೀರಿನ ಕಡೆ ತಿರುಗಿಸಿದೆ. ಭಾವ ಎದ್ದು ನಿಲ್ಲದೆ ರಾಡನ್ನು ಪಕ್ಕಕ್ಕೆ ತಗ್ಗಿಸಿ ಎಳೆದರು. ಮೀನಿನ ತಲೆ ತಿರುಗಿತು.

ಆಮೇಲೆ ಕಷ್ಟವಾಗಲಿಲ್ಲ. ದೋಣಿ ಕಂಡು ಇನ್ನೊಮ್ಮೆ ಓಡಿತು, ಡ್ರ್ಯಾಗ್ ಬಿಟ್ಟುಕೊಟ್ಟಿತು. ಕೈಬಲೆಗೆ ಬಂದಾಗ ಗಾಳ ತುಟಿಯ ಅಂಚಲ್ಲಿ ಸಣ್ಣದಾಗಿ ನಿಂತಿತ್ತು. ಜಗ್ಗಿದ್ದರೆ ಹೋಗೇ ಬಿಡುತ್ತಿತ್ತು.